ತಾಜಾ ಮೀನು ಬೇರೆ, ಹಸಿಯಾಗಿ ತಿನ್ನಬಹುದಾದ ಮೀನು ಬೇರೆ: ಬಳ್ಳಾರಿ ಸೀಮೆಗೆ ಬಂದ ಸುಶಿ

ಸುಶಿ ಎಂದರೆ ವಿನೆಗರ್ ಕಲಸಿದ ಅನ್ನದ ಜೊತೆ ಹೆಚ್ಚಾಗಿ ಹಸಿ ಮೀನಿಟ್ಟು ಮಾಡುವ ಜಪಾನಿನ ತಿನಿಸು. ಅದಕ್ಕೆ ಬೇಕಾದ ನೋರಿ ಎಂಬ ಕಡಲಪಾಚಿಯ ಹಾಳೆ, ಘಾಟಿನ ವಸಾಬಿ, ಅಕ್ಕಿಯ ವಿನೆಗರ್, ಸೋಯಾ ಸಾಸ್ ಎಲ್ಲವನ್ನೂ ಈಗ ಬಳ್ಳಾರಿಯಲ್ಲೋ ರಾಯಚೂರಿನಲ್ಲೋ ಕೂತು ಕೊರಿಯರ್‌ನಲ್ಲಿ ತರಿಸಿಕೊಳ್ಳಬಹುದು. ಅಷ್ಟು ಸುಲಭಕ್ಕೆ ಬಾರದಿರುವುದು ಮೀನು ಒಂದೇ. ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಓದುವಾಗ, ದುಡಿಯುವಾಗ ಇದರ ರುಚಿ ಹತ್ತಿಸಿಕೊಂಡು ಊರಿಗೆ ಬಂದ ಮಕ್ಕಳು ಅಡುಗೆಮನೆಯಲ್ಲಿ ಸುಶಿ ಸುತ್ತಲು ಕೂತರೆ, ಮನೆಯವರ ಬಾಯಿಂದ ಸಹಜವಾಗಿ ಬರುವ ಮಾತೊಂದಿದೆ: ತುಂಗಭದ್ರಾ ಡ್ಯಾಮಿನ ಮೀನು ಬೆಳಿಗ್ಗೆ ತಾನೇ ಬಂದಿರುತ್ತದೆ, ಅದಕ್ಕಿಂತ ತಾಜಾ ಮೀನು ಬೇರೆಲ್ಲಿ ಸಿಕ್ಕೀತು? ಸಾರು ಮಾಡುವವರಿಗೆ ಈ ಮಾತು ಸರಿ, ರವೆ ಹಚ್ಚಿ ಹುರಿಯುವವರಿಗೂ ಸರಿ. ಹಸಿಯಾಗಿ ತಿನ್ನಲು ಹೊರಟವರಿಗೆ ಮಾತ್ರ ಇದು ತಪ್ಪು ದಾರಿ. ಮುನಿರಾಬಾದಿನ ಹಿನ್ನೀರಿನಲ್ಲಿ ನಸುಕಿನ ಹೊತ್ತು ಬಲೆಗೆ ಬಿದ್ದು, ಎರಡು ಗಂಟೆಯೊಳಗೆ ತಕ್ಕಡಿಗೆ ಬಂದ ಕಟ್ಲಾವನ್ನು ಎಂದೂ ಹಸಿಯಾಗಿ ತಿನ್ನಬಾರದು; ಸಮುದ್ರದಾಚೆ ಹಿಡಿದು, ವಾರಗಟ್ಟಲೆ ಮಂಜುಗಟ್ಟಿಸಿ ಇಟ್ಟಿದ್ದ ಮೀನನ್ನು ನಿಯಮ ಪಾಲಿಸಿದ್ದರೆ ತಿನ್ನಬಹುದು. ಕೇಳಲು ತಲೆಕೆಳಗಾದ ಮಾತಿನಂತಿರುವ ಇದರ ಕಾರಣ ತಿಳಿಯಬೇಕಾದರೆ, ತಾಜಾತನ ಮತ್ತು ಸುರಕ್ಷತೆ ಎಂಬ ಎರಡು ಗುಣಗಳನ್ನು ಬಿಡಿಸಿ ನೋಡಬೇಕಾಗುತ್ತದೆ.

ಮೀನು ಕೊಳ್ಳುವುದರಲ್ಲಿ ಪಳಗಿದವರು ಮೊದಲು ಕಿವಿರಿನ ಮುಚ್ಚಳ ಎತ್ತುತ್ತಾರೆ. ಒಳಗೆ ಕೆಂಪು ಹೊಳೆಯುತ್ತಿರಬೇಕು, ಕಂದು ತಿರುಗಿರಬಾರದು, ಲೋಳೆ ಕಟ್ಟಿರಬಾರದು. ಬಳಿಕ ಕಣ್ಣು ಉಬ್ಬಿದೆಯೇ, ಗುಳಿ ಬಿದ್ದಿದೆಯೇ ಎಂದು ನೋಡಿ, ಬೆನ್ನಿನ ಮೇಲೆ ಹೆಬ್ಬೆರಳು ಒತ್ತಿ, ಮಾಂಸ ಮತ್ತೆ ಮೇಲೆದ್ದರೆ ಮಾತ್ರ ಚೌಕಾಸಿಗೆ ಇಳಿಯುತ್ತಾರೆ. ಈ ಪರೀಕ್ಷೆಗಳೆಲ್ಲ ಒಂದೇ ಸಂಗತಿಯನ್ನು ಹೇಳುತ್ತವೆ: ಮೀನು ಸತ್ತ ಮೇಲೆ ಅದರ ದೇಹ ಎಷ್ಟು ಕೆಟ್ಟಿದೆ ಎಂಬುದನ್ನು. ಜಪಾನಿನ ವಿಜ್ಞಾನಿಗಳು ಇದನ್ನೇ ಅಂಕಿಗೆ ಇಳಿಸಿದರು. ಸ್ನಾಯುವಿನಲ್ಲಿ ಶಕ್ತಿಯನ್ನು ಹಿಡಿದಿಡುವ ಎಟಿಪಿ ಎಂಬ ವಸ್ತು ಮೀನು ಸತ್ತ ಮೇಲೆ ಹಂತಹಂತವಾಗಿ ಒಡೆಯುತ್ತದೆ. ಹೀಗೆ ಒಡೆದದ್ದರಲ್ಲಿ ಕೊನೆಯ ಹಂತಗಳಿಗೆ ತಲುಪಿದ ಪಾಲೆಷ್ಟು ಎಂಬುದನ್ನು ಅವರು ‘ಕೆ ಮೌಲ್ಯ’ ಎಂದು ಕರೆದರು. ಆ ಪಾಲು ಶೇಕಡಾ 20ರೊಳಗಿದ್ದರೆ ಮೀನು ಹಸಿಯಾಗಿ ಬಡಿಸುವಷ್ಟು ತಾಜಾ ಎಂಬುದು ಅಲ್ಲಿ ಬಳಕೆಯಲ್ಲಿರುವ ಅಳತೆ. ನಮ್ಮ ಡ್ಯಾಮಿನ ಮೀನು ಈ ಪರೀಕ್ಷೆಯನ್ನೂ ಸಲೀಸಾಗಿ ಪಾಸು ಮಾಡೀತು. ಆದರೆ ಕಿವಿರಿನ ಕೆಂಪಾಗಲಿ, ಕೆ ಮೌಲ್ಯವಾಗಲಿ ಮೀನು ಬದುಕಿದ್ದಾಗಲೇ ಅದರ ಮಾಂಸದಲ್ಲಿ ಮನೆ ಮಾಡಿಕೊಂಡಿದ್ದ ಪರಾವಲಂಬಿ ಹುಳುವಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಮೀನು ಎಷ್ಟು ತಾಜಾ ಆಗಿರುತ್ತದೆಯೋ ಆ ಹುಳು ಜೀವಂತ ಇರುವ ಸಾಧ್ಯತೆಯೂ ಅಷ್ಟೇ ಹೆಚ್ಚು.

ಇಲ್ಲಿ ಸಿಹಿನೀರು ಮತ್ತು ಉಪ್ಪುನೀರಿನ ವ್ಯತ್ಯಾಸ ದೊಡ್ಡದು. ಸಮುದ್ರದ ಮೀನಿನಲ್ಲಿ ಸಿಗುವ ಅನಿಸಾಕಿಸ್ ಎಂಬ ದುಂಡುಹುಳುವಿಗೆ ತಿಮಿಂಗಿಲ, ಡಾಲ್ಫಿನ್‌ಗಳ ಹೊಟ್ಟೆಯೇ ಕೊನೆಯ ನೆಲೆ. ಮನುಷ್ಯನ ಹೊಟ್ಟೆಗೆ ಬಂದರೆ ಅದು ಜಠರದ ಗೋಡೆ ಕೊರೆದು ವಿಪರೀತ ನೋವು ಕೊಟ್ಟರೂ ಅಲ್ಲಿ ಬೆಳೆದು ಸಂಸಾರ ಹೂಡಲಾರದೆ ಸಾಯುತ್ತದೆ. ಸಿಹಿನೀರಿನ ಹುಳುಗಳಲ್ಲಿ ಹಲವು ಹಾಗಲ್ಲ. ಅವುಗಳ ಜೀವನಚಕ್ರ ನೀರಿನ ಬಸವನಹುಳು, ಮೀನು ಮತ್ತು ನೆಲದ ಮೇಲಿನ ಸಸ್ತನಿಗಳ ನಡುವೆ ಸುತ್ತುತ್ತದೆ. ನಾಯಿ, ಬೆಕ್ಕು, ಮನುಷ್ಯ ಎಲ್ಲರೂ ಅವಕ್ಕೆ ಒಗ್ಗುವ ಮನೆಗಳೇ. ಥಾಯ್ಲೆಂಡಿನ ಈಶಾನ್ಯ ಭಾಗದಲ್ಲಿ ಗೆಂಡೆ ಕುಲದ ಸಣ್ಣ ಮೀನುಗಳನ್ನು ಹಸಿಯಾಗಿ ಕೊಚ್ಚಿ, ನಿಂಬೆರಸ, ಖಾರ ಬೆರೆಸಿ ತಿನ್ನುವ ರೂಢಿಯಿಂದ ಒಪಿಸ್ತಾರ್ಕಿಸ್ ಎಂಬ ಯಕೃತ್ತಿನ ಚಪ್ಪಟೆಹುಳು ತಲೆಮಾರುಗಳಿಂದ ಜನರ ಪಿತ್ತನಾಳದಲ್ಲಿ ನೆಲೆಸಿದೆ. ಪಿತ್ತನಾಳದ ಕ್ಯಾನ್ಸರ್‌ಗೆ ಅದು ಖಚಿತ ಕಾರಣಗಳಲ್ಲೊಂದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 1994ರಲ್ಲಿಯೇ ವರ್ಗೀಕರಿಸಿತು. ಆ ಹುಳು ಮೆಕಾಂಗ್ ನದಿ ಸೀಮೆಯದು, ತುಂಗಭದ್ರೆಯದಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಆದರೆ ಅದರ ಕಥೆಯಿಂದ ಕಲಿಯಬೇಕಾದದ್ದು ಇದೆ: ನಿಂಬೆರಸ ಮತ್ತು ಖಾರ ಹುಳುವನ್ನು ಕೊಲ್ಲಲಿಲ್ಲ. ನಮ್ಮಲ್ಲಿ ಮರ್ಯಾದೆಯ ಮೀನೆಂದು ಎಣಿಸುವ ಕೊರಮೀನಿನ ಕುಲಕ್ಕೂ ಇಂಥದೇ ನಂಟೊಂದಿದೆ. ಏಷ್ಯಾದ ಹಲವೆಡೆ ನ್ಯಾಥೋಸ್ಟೋಮಾ ಎಂಬ ಹುಳುವಿನ ಮರಿಗಳು ಈ ಕುಲದ ಮೀನುಗಳಿಂದಲೇ ಮನುಷ್ಯನಿಗೆ ದಾಟುತ್ತವೆ. ಹೊಟ್ಟೆಯಿಂದ ಹೊರಟು ಚರ್ಮದಡಿ ಅಲೆಯುತ್ತ ಇಂದು ಇಲ್ಲಿ, ನಾಳೆ ಅಲ್ಲಿ ಬಾವು ಎಬ್ಬಿಸುತ್ತವೆ, ಅಪರೂಪಕ್ಕೆ ಕಣ್ಣಿಗೂ ಮಿದುಳಿಗೂ ಹೋಗುತ್ತವೆ. ಭಾರತದಲ್ಲಿಯೂ ಇಂಥ ರೋಗಿಗಳು ವರದಿಯಾಗಿದ್ದಾರೆ. ಮಣಿಪುರ, ನಾಗಾಲ್ಯಾಂಡ್‌ಗಳಲ್ಲಿ ಸರಿಯಾಗಿ ಬೇಯಿಸದ ಹೊಳೆಯ ಏಡಿ ತಿಂದವರ ಶ್ವಾಸಕೋಶಕ್ಕೆ ಸೇರುವ ಪ್ಯಾರಗೋನಿಮಸ್ ಹುಳುವಿನ ಬಾಧೆಯನ್ನು ಕ್ಷಯವೆಂದು ತಪ್ಪಾಗಿ ತಿಳಿದು ಚಿಕಿತ್ಸೆ ಕೊಟ್ಟ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ.

ಹುಳು ಇಲ್ಲದಿದ್ದರೂ ಸಿಹಿನೀರಿನ ಮೀನು ಹಸಿಯಾಗಿ ಸಲ್ಲದು ಎಂಬುದನ್ನು ಸಿಂಗಪುರ ಕಹಿ ಅನುಭವದಿಂದ ಅರಿಯಿತು. 2015ರಲ್ಲಿ ಅಲ್ಲಿ ಆರೋಗ್ಯವಾಗಿದ್ದ ವಯಸ್ಕರೇ ಒಬ್ಬರ ಹಿಂದೊಬ್ಬರು ರಕ್ತದ ಸೋಂಕು, ಮಿದುಳುಪೊರೆಯ ಉರಿಯೂತಗಳಿಂದ ಆಸ್ಪತ್ರೆ ಸೇರತೊಡಗಿದರು. ಕಾರಣ ಹುಡುಕುತ್ತ ಹೋದಾಗ ಸಿಕ್ಕಿದ್ದು ಗಂಜಿಯ ಜೊತೆ ತೆಳ್ಳಗೆ ಹೆಚ್ಚಿ ಬಡಿಸುತ್ತಿದ್ದ ಹಸಿ ಮೀನು, ಅದರಲ್ಲಿದ್ದ ‘ಬಿ ಗುಂಪಿನ ಸ್ಟ್ರೆಪ್ಟೊಕಾಕಸ್’ ಎಂಬ ಬ್ಯಾಕ್ಟೀರಿಯಾ. ಆ ಖಾದ್ಯಕ್ಕೆ ಬಳಸುತ್ತಿದ್ದವು ದೊಡ್ಡತಲೆಯ ಗೆಂಡೆ ಮತ್ತು ಕೊರಮೀನಿನ ಕುಲದ ಮೀನು; ಎರಡೂ ನಮ್ಮ ಸಂತೆಯ ಮೀನುಗಳ ದಾಯಾದಿಗಳು. ಅದೇ ವರ್ಷದ ಡಿಸೆಂಬರಿನಲ್ಲಿ ಸಿಂಗಪುರ ಸರ್ಕಾರ ಹೋಟೆಲುಗಳಲ್ಲಿ ಸಿಹಿನೀರಿನ ಮೀನನ್ನು ಹಸಿಯಾಗಿ ಬಡಿಸುವುದನ್ನೇ ನಿಷೇಧಿಸಿತು. ಶುಚಿತ್ವದಲ್ಲಿ ಅಷ್ಟು ಕಟ್ಟುನಿಟ್ಟಾದ ಊರೇ ಇದನ್ನು ನಿಭಾಯಿಸಲಾರೆವೆಂದು ಕೈಚೆಲ್ಲಿದ ಮೇಲೆ, ಊರೂರಿನ ಚರಂಡಿ ನೀರು ಸೇರಿಕೊಳ್ಳುವ ಹೊಳೆ, ಹಳ್ಳ, ಕಾಲುವೆಗಳ ಮೀನಿನ ಬಗ್ಗೆ, ಸಿಂಧನೂರು ಕಡೆಯ ಹೊಂಡಗಳಲ್ಲಿ ಸಾಕಿದ ರೋಹುವಿನ ಬಗ್ಗೆ ಬೇರೆ ವಾದಕ್ಕೆ ಎಡೆಯಿಲ್ಲ. ಫ್ರೀಜರ್‌ನಲ್ಲಿಟ್ಟರೂ ಈ ತೀರ್ಪು ಬದಲಾಗದು, ಏಕೆಂದರೆ ಚಳಿಗೆ ಹುಳು ಸಾಯುತ್ತದೆಯೇ ಹೊರತು ಬ್ಯಾಕ್ಟೀರಿಯಾಗಳಲ್ಲಿ ಬಹುಪಾಲು ನಿದ್ದೆ ಹೋಗುತ್ತವೆ ಅಷ್ಟೇ. ಸೂಪರ್‌ಮಾರ್ಕೆಟ್ಟಿನಲ್ಲಿ ಬೆಳ್ಳಗೆ, ಮುಳ್ಳಿಲ್ಲದೆ, ನೋಡಲು ಸುಶಿಗೆಂದೇ ಕೊಯ್ದಂತೆ ಸಿಗುವ ಬಾಸಾ ಕೂಡ ಸಿಹಿನೀರಿನ ಮೀನೇ, ತಿಲಾಪಿಯಾ ಕೂಡ. ಅವುಗಳ ಜಾಗ ಬಾಣಲೆ.

ಸಮುದ್ರದ ಮೀನಿಗೆ ಮಂಜುಗಟ್ಟಿಸುವುದೇ ಪರಿಹಾರ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಮಾರ್ಗಸೂಚಿಯ ಪ್ರಕಾರ, ಹಸಿಯಾಗಿ ಬಡಿಸುವ ಮೀನನ್ನು ಸೊನ್ನೆಗಿಂತ 20 ಡಿಗ್ರಿ ಸೆಲ್ಸಿಯಸ್ ಕೆಳಗೆ 7 ದಿನ ಇಡಬೇಕು, ಇಲ್ಲವೇ ಸೊನ್ನೆಗಿಂತ 35 ಡಿಗ್ರಿ ಕೆಳಗೆ ಪೂರ್ತಿ ಗಟ್ಟಿಯಾಗುವವರೆಗೆ ಮಂಜುಗಟ್ಟಿಸಿ, ಅದೇ ತಾಪದಲ್ಲಿ 15 ಗಂಟೆ ಹಿಡಿದಿಡಬೇಕು. ಟ್ಯೂನಾದ ಕೆಲವು ಜಾತಿಗಳಿಗೂ, ಹುಳುಮುಕ್ತ ಉಂಡೆ ಆಹಾರವನ್ನಷ್ಟೇ ತಿನ್ನಿಸಿ ಸಾಕಿದ ಮೀನುಗಳಿಗೂ ಈ ನಿಯಮದಿಂದ ವಿನಾಯಿತಿ ಇದೆ. ನಾರ್ವೆಯ ಸಾಲ್ಮನ್ ಸುಶಿಯ ತಟ್ಟೆಗೆ ಏರಿದ್ದೂ ಹೀಗೆಯೇ. ಜಪಾನೀಯರು ತಮ್ಮ ಕಾಡು ಸಾಲ್ಮನ್‌ನಲ್ಲಿ ಹುಳುವಿರುತ್ತದೆಂದು ಅರಿತು ಅದನ್ನು ಹಸಿಯಾಗಿ ತಿನ್ನುತ್ತಿರಲಿಲ್ಲ. 1980ರ ದಶಕದಲ್ಲಿ ನಾರ್ವೆಯವರು ಸಾಕಿದ ಸಾಲ್ಮನ್ ಹೊತ್ತು ಅಲ್ಲಿಗೆ ಹೋಗಿ, ಬಹಳ ಒದ್ದಾಡಿ ಆ ರುಚಿ ಹಚ್ಚಿಸಿದರು. ದೂರದ ಸಾಗರಗಳಲ್ಲಿ ಹಿಡಿದು ಜಪಾನಿಗೆ ತರುವ ಟ್ಯೂನಾವನ್ನಂತೂ ಹಡಗಿನಲ್ಲಿಯೇ ಸೊನ್ನೆಗಿಂತ 60 ಡಿಗ್ರಿಯಷ್ಟು ಕೆಳಗೆ ಗಟ್ಟಿಸುತ್ತಾರೆ. ಸುಶಿ ಎಂದರೆ ಕಡಲಿನಿಂದ ನೇರ ತಟ್ಟೆಗೆ ಬಂದದ್ದು ಎಂಬ ಕಲ್ಪನೆ ಸುಶಿಯ ತವರಿನಲ್ಲಿಯೇ ನಿಜವಲ್ಲ.

ಹಾಗಾದರೆ ಮನೆಯ ಫ್ರಿಜ್‌ನಲ್ಲಿ ವಾರವಿಟ್ಟರೆ ಸಾಲದೇ ಎಂಬ ಪ್ರಶ್ನೆ ಬರುತ್ತದೆ. ಸಾಲದು. ಮನೆಯ ಫ್ರೀಜರ್ ತನ್ನ ಒಳ್ಳೆಯ ದಿನದಲ್ಲಿ ಸೊನ್ನೆಗಿಂತ 18 ಡಿಗ್ರಿ ಕೆಳಗೆ ಹೋಗುತ್ತದೆ, ಬಾಗಿಲು ತೆರೆದಾಗೆಲ್ಲ ಮೇಲೇರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟಿ, ಕರೆಂಟು ಹೋಗಿ ಬರುವ ನಮ್ಮ ಊರುಗಳಲ್ಲಿ ಅದು ಏಳು ದಿನ ಒಂದೇ ಸಮನೆ ಆ ಚಳಿ ಹಿಡಿದೀತು ಎಂದು ನಂಬುವುದು ಕಷ್ಟ. ಐಸ್‌ಕ್ರೀಂ ಅಂಗಡಿಯ ಪೆಟ್ಟಿಗೆಗೂ ಇದೇ ಮಾತು. ವಿನೆಗರ್, ನಿಂಬೆ, ವಸಾಬಿಯ ಘಾಟು, ಜೊತೆಗೆ ಕುಡಿಯುವ ಮದ್ಯ, ಇವು ಯಾವುವೂ ಹುಳುವಿಗೆ ಮದ್ದಲ್ಲ. ಜಪಾನಿನಲ್ಲಿ ಅನಿಸಾಕಿಸ್ ಬಾಧೆಗೆ ವಿನೆಗರ್‌ನಲ್ಲಿ ನೆನೆಸಿದ ಬಂಗುಡೆ ಜಾತಿಯ ಮೀನೇ ಹೆಸರುವಾಸಿ ಕಾರಣ.

ಬಂಗುಡೆಯ ಮಾತು ಬಂದದ್ದರಿಂದ ಹುಳುವಿಗೂ ಹಸಿಗೂ ಸಂಬಂಧವಿಲ್ಲದ, ಆದರೆ ಒಳನಾಡಿನವರಾದ ನಮಗೆ ಹೆಚ್ಚು ಹತ್ತಿರದ ಇನ್ನೊಂದು ಅಪಾಯವನ್ನು ಹೇಳಬೇಕು. ಬಂಗುಡೆ, ಭೂತಾಯಿ, ಟ್ಯೂನಾ ಮುಂತಾದ ಮೀನುಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಹೇರಳವಾಗಿದೆ. ಹಿಡಿದ ಕೂಡಲೇ ಮಂಜುಗಡ್ಡೆಯಲ್ಲಿ ಹೂತು 4 ಡಿಗ್ರಿಯೊಳಗೆ ಇಳಿಸದಿದ್ದರೆ ಬ್ಯಾಕ್ಟೀರಿಯಾಗಳು ಅದನ್ನು ಹಿಸ್ಟಮಿನ್ ಆಗಿ ಬದಲಿಸುತ್ತವೆ. ಒಮ್ಮೆ ಹುಟ್ಟಿದ ಹಿಸ್ಟಮಿನ್ ಕುದಿಸಿದರೂ ಹೋಗದು, ಹುರಿದರೂ ಹೋಗದು, ಮಂಜುಗಟ್ಟಿಸಿದರೂ ಹೋಗದು. ಕಾರವಾರದಿಂದಲೋ ಮಲ್ಪೆಯಿಂದಲೋ ಘಟ್ಟ ಹತ್ತಿ, ಹುಬ್ಬಳ್ಳಿ, ಗದಗ, ಕೊಪ್ಪಳ ದಾಟಿ ಬಳ್ಳಾರಿಗೆ ಬರುವ ಪೆಟ್ಟಿಗೆಯಲ್ಲಿ ದಾರಿಯ ಮಧ್ಯೆ ಐಸು ಕರಗಿ, ಇಳಿಸುವ ಮೊದಲು ಮತ್ತೆ ಐಸು ಸುರಿದಿದ್ದರೆ, ಮುಟ್ಟಿ ನೋಡಿದವರಿಗೆ ಮೀನು ತಣ್ಣಗೇ ಇರುತ್ತದೆ, ವಾಸನೆಯೂ ಬಂದಿರಲಿಕ್ಕಿಲ್ಲ. ತಿಂದ ಕೆಲವು ನಿಮಿಷಗಳಿಂದ ಒಂದೆರಡು ಗಂಟೆಗಳೊಳಗೆ ಮುಖ, ಕುತ್ತಿಗೆ ಕೆಂಪೇರಿ ಉರಿಯುವುದು, ತಲೆನೋವು, ಎದೆ ಬಡಿತ, ಮೈಮೇಲೆ ದದ್ದು ಕಾಣಿಸುತ್ತವೆ. ಜನ ಇದನ್ನು ‘ನನಗೆ ಮೀನು ಆಗಿಬರುವುದಿಲ್ಲ’ ಎಂದು ತಿಳಿದು ಜೀವಮಾನವಿಡೀ ಮೀನು ಬಿಟ್ಟುಬಿಡುತ್ತಾರೆ. ತಪ್ಪು ಅವರ ಮೈಯದಲ್ಲ, ದಾರಿಯಲ್ಲಿ ಕರಗಿದ ಐಸಿನದು.

ಕಣ್ಣನ್ನೇ ನಂಬುವ ಗಿರಾಕಿಯ ಕಣ್ಣಿಗೆ ಮಣ್ಣೆರಚುವ ಉಪಾಯಗಳೂ ಇವೆ. ಟ್ಯೂನಾ ತುಂಡಿಗೆ ಕಾರ್ಬನ್ ಮಾನಾಕ್ಸೈಡ್ ಅನಿಲ ಹಾಯಿಸಿದರೆ ಅದು ಕೆಟ್ಟ ಮೇಲೂ ಚೆರ್ರಿಯಂತೆ ಕೆಂಪಾಗಿಯೇ ಉಳಿಯುತ್ತದೆ. ಜಪಾನ್ ಮತ್ತು ಯುರೋಪಿಯನ್ ಒಕ್ಕೂಟ ಇದನ್ನು ನಿಷೇಧಿಸಿವೆ, ಅಮೆರಿಕ ಇದಕ್ಕೆ ಅವಕಾಶ ಕೊಟ್ಟಿದೆ. ನಮ್ಮಲ್ಲಿ 2018ರಲ್ಲಿ ಕೇರಳದ ಅಧಿಕಾರಿಗಳು ಗಡಿಯಲ್ಲಿ, ಶವ ಕೆಡದಂತಿಡಲು ಬಳಸುವ ಫಾರ್ಮಲಿನ್ ಬೆರೆಸಿದ ಮೀನು ಹಿಡಿದಾಗ ಆದ ಗದ್ದಲ ನೆನಪಿರಬಹುದು. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಅದನ್ನು ಪತ್ತೆ ಹಚ್ಚಲು ಕಾಗದದ ಪಟ್ಟಿಯ ಸರಳ ಕಿಟ್ ಕೂಡ ರೂಪಿಸಿದೆ. ಸುಶಿಯ ತುಂಡಿಗೆ ಕಣ್ಣಿಲ್ಲ, ಕಿವಿರಿಲ್ಲ. ನಮ್ಮ ಸಂತೆಯ ಜಾಣ್ಮೆಯೆಲ್ಲ ಅಲ್ಲಿ ಕೆಲಸಕ್ಕೆ ಬಾರದು.

ಇಷ್ಟು ಹೇಳಿದ ಮೇಲೆ, ಸಣ್ಣ ಊರುಗಳಲ್ಲಿ ಸುಶಿಯ ಹೆಸರಿನಲ್ಲಿ ಸಿಗುವುದರಲ್ಲಿ ಹಸಿ ಮೀನೇ ಇಲ್ಲದಿರುವುದು ಹೆಚ್ಚು ಎಂಬುದನ್ನೂ ಒಪ್ಪಬೇಕು. ಏಡಿಯ ಕಡ್ಡಿಯೆಂದು ಕೊಡುವುದು ಬೇರೆ ಮೀನಿನ ಮಾಂಸ ಅರೆದು ಬೇಯಿಸಿದ ಸುರಿಮಿ. ಸಿಗಡಿ ಬೆಂದಿರುತ್ತದೆ ಇಲ್ಲವೇ ಕರಿದಿರುತ್ತದೆ. ಉಳಿದದ್ದು ಸೌತೆಕಾಯಿ, ಬೆಣ್ಣೆಹಣ್ಣು, ಪನೀರು. ಹೊಗೆಯಾಡಿಸಿದ ಸಾಲ್ಮನ್ ಮಾತ್ರ ಬೆಂದದ್ದೆಂದು ಭ್ರಮಿಸಬಾರದು. ತಣ್ಣನೆಯ ಹೊಗೆ ಕೊಟ್ಟದ್ದು ಹಸಿಯೇ, ಅದರಲ್ಲಿ ಫ್ರಿಜ್ಜಿನ ಚಳಿಯಲ್ಲೂ ಬೆಳೆಯಬಲ್ಲ ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಇರಬಹುದು. ಇಂಥ ಸುಶಿಯಲ್ಲಿ ನಿಜವಾಗಿ ಕಾಯಬೇಕಾದದ್ದು ಅನ್ನವನ್ನು. ಅಕ್ಕಿಯಲ್ಲಿ ಸಹಜವಾಗಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಅನ್ನ ಬೆಂದರೂ ಸಾಯುವುದಿಲ್ಲ. ಅನ್ನ ಉಗುರು ಬೆಚ್ಚಗೆ ಗಂಟೆಗಟ್ಟಲೆ ಕೂತರೆ ಅವು ಮೊಳೆತು, ವಾಂತಿ ತರಿಸುವ ವಿಷ ಬಿಡುತ್ತವೆ, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗದು. ಸುಶಿಯ ಅನ್ನಕ್ಕೆ ವಿನೆಗರ್ ಕಲಸುವುದರಲ್ಲಿ ರುಚಿಯ ಜೊತೆ ಈ ರಕ್ಷಣೆಯೂ ಇದೆ. ಆಮ್ಲೀಯತೆಯ ಅಳತೆಯಾದ ಪಿಎಚ್ ಸಾಕಷ್ಟು ಕೆಳಗಿಳಿದರೆ ಆ ಬ್ಯಾಕ್ಟೀರಿಯಾ ಬೆಳೆಯಲಾರದು. ಹೊಲಕ್ಕೆ ಬುತ್ತಿ ಕಟ್ಟುವಾಗ ಬಿಳಿ ಅನ್ನ ಬಿಟ್ಟು ಹುಣಸೆಹುಳಿ ಕಲಸಿದ ಅನ್ನವನ್ನೇ ಕಟ್ಟುವ ನಮ್ಮ ಹೆಣ್ಣುಮಕ್ಕಳ ತಿಳಿವಳಿಕೆಯೂ ಇದೇ ಜಾತಿಯದು. ಹುಳಿ ನಮ್ಮವರಿಗೆ ಹಿಡಿಸದೆಂದು ಅಡುಗೆಯವರು ವಿನೆಗರ್ ಕಡಿಮೆ ಮಾಡಿ ಸಕ್ಕರೆ ಏರಿಸಿದರೆ ಅನ್ನದ ರಕ್ಷಣೆಯೇ ಹೋಗುತ್ತದೆ. ಕಬಾಬಿನ ಕೋಳಿ ಕೊಯ್ದ ಮಣೆಯ ಮೇಲೆ, ಅದೇ ಚಾಕುವಿನಲ್ಲಿ ಸುಶಿ ಕೊಯ್ದರಂತೂ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾಕ್ಕೆ ಮೀನಿನ ಹಂಗೇ ಬೇಕಿಲ್ಲ. 2024ರಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿ, ಕಬಾಬುಗಳಿಗೆ ಕೃತಕ ಬಣ್ಣ ನಿಷೇಧಿಸಿದ ಮೇಲೆ ನಮ್ಮ ಜನರ ಕಣ್ಣು ಬಣ್ಣದ ಮೇಲೆ ನೆಟ್ಟಿದೆ, ಒಳ್ಳೆಯದೇ. ಮಣೆಯ ಮೇಲೂ ಅಷ್ಟೇ ನೆಡಬೇಕು.

ತಾಪದ ವಿಷಯದಲ್ಲಿ ನಮ್ಮ ಸೀಮೆಗೆ ಯಾವ ರಿಯಾಯಿತಿಯೂ ಇಲ್ಲ. ಬೇಗ ಕೆಡುವ ಆಹಾರ ಹೊರಗೆ 2 ಗಂಟೆಗಿಂತ ಹೆಚ್ಚು ಇರಬಾರದು, ಸುತ್ತಲಿನ ತಾಪ 32 ಡಿಗ್ರಿ ಮೀರಿದ್ದರೆ 1 ಗಂಟೆ ಮಾತ್ರ ಎಂಬುದು ಅಮೆರಿಕದ ಕೃಷಿ ಇಲಾಖೆಯ ಸೂತ್ರ. ಬಳ್ಳಾರಿಯಲ್ಲಿ 32 ಡಿಗ್ರಿ ಎಂದರೆ ವರ್ಷದ ಬಹುಪಾಲು ಮಧ್ಯಾಹ್ನಗಳು. ಬೈಕಿನ ಹಿಂದಿನ ಕಪ್ಪು ಚೀಲದಲ್ಲಿ, ಬಿಸಿ ಬಿರಿಯಾನಿಯ ಪೊಟ್ಟಣದ ಪಕ್ಕದಲ್ಲಿ ಬರುವ ಸುಶಿಗೆ ಆ ಒಂದು ಗಂಟೆಯೂ ಸಿಗುವುದಿಲ್ಲ. ವಿಬ್ರಿಯೊ ಪ್ಯಾರಾಹೀಮೊಲಿಟಿಕಸ್ ಎಂಬ ಕಡಲಿನ ಬ್ಯಾಕ್ಟೀರಿಯಾ ಅನುಕೂಲವಾದ ಬಿಸಿಯಲ್ಲಿ ಹತ್ತು ನಿಮಿಷದ ಆಸುಪಾಸಿನಲ್ಲೇ ಇಮ್ಮಡಿಯಾಗಬಲ್ಲದು. ಅದು ಮೊದಲು ಪತ್ತೆಯಾದದ್ದೇ 1950ರಲ್ಲಿ ಜಪಾನಿನ ಒಸಾಕಾದಲ್ಲಿ, ಸಣ್ಣ ಮೀನು ತಿಂದು 272 ಮಂದಿ ಕಾಯಿಲೆ ಬಿದ್ದು 20 ಮಂದಿ ಸತ್ತ ಮೇಲೆ. ಹಸಿ ಮೀನಿನ ಸುಶಿಯನ್ನು ತಿನ್ನುವುದೇ ಆದರೆ ಹೋಟೆಲಿನಲ್ಲಿ ಕೂತು, ಕೊಯ್ದ ಕೂಡಲೇ ತಿನ್ನಬೇಕು.

ಹೋಟೆಲಿನವರನ್ನು ‘ಮೀನು ತಾಜಾ ಇದೆಯೇ’ ಎಂದು ಕೇಳಿದರೆ ಇಲ್ಲವೆಂದು ಯಾರೂ ಹೇಳುವುದಿಲ್ಲ. ಯಾವ ಮೀನು, ಮಂಜುಗಟ್ಟಿ ಬಂದದ್ದೇ, ಯಾವ ಸರಬರಾಜುದಾರರದು, ಪೊಟ್ಟಣದ ಮೇಲಿನ ದಿನಾಂಕವೇನು ಎಂದು ಕೇಳಬೇಕು. ಫ್ರೀಜರ್‌ನ ತಾಪವನ್ನು ದಿನವೂ ಬರೆದಿಡುವ ಹಾಳೆ ಇದೆಯೇ ಎಂದು ಕೇಳಬೇಕು. ‘ಸುಶಿ ಗ್ರೇಡ್’ ಎಂಬ ಚೀಟಿ ಮಾರಾಟಗಾರರ ಮಾತು, ಅಮೆರಿಕದಲ್ಲಿಯೂ ಅದಕ್ಕೆ ಕಾನೂನಿನ ವ್ಯಾಖ್ಯಾನವಿಲ್ಲ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಕೊಡುವ 14 ಅಂಕಿಗಳ ಪರವಾನಗಿ ಸಂಖ್ಯೆ ಅಂಗಡಿಯಲ್ಲಿಯೂ ಬಿಲ್ಲಿನಲ್ಲಿಯೂ ಇರಲೇಬೇಕು. ಅದು ಮೀನಿನ ಯೋಗ್ಯತಾಪತ್ರವಲ್ಲ, ಆದರೆ ದೂರು ಕೊಡಬೇಕಾಗಿ ಬಂದರೆ ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗೆ ಹಿಡಿಯಲು ಸಿಗುವ ಎಳೆ ಅದೇ.

ಗರ್ಭಿಣಿಯರು, ಚಿಕ್ಕ ಮಕ್ಕಳು, ಇಳಿವಯಸ್ಸಿನವರು, ಯಕೃತ್ತಿನ ಕಾಯಿಲೆಯಿರುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಹಸಿ ಮೀನಿನ ತಂಟೆಗೇ ಹೋಗದಿರುವುದು ಲೇಸು. ಮನೆಯಲ್ಲಿ ಸುಶಿ ಸುತ್ತುವ ಆಸೆಯಿದ್ದವರು ಡ್ಯಾಮಿನ ಮೀನನ್ನೇ ಬಳಸಿದರೂ ಅಡ್ಡಿಯಿಲ್ಲ, ಒಳಗಿನವರೆಗೆ 63 ಡಿಗ್ರಿ ಮುಟ್ಟುವಂತೆ ಬೇಯಿಸಿಯೋ ಹುರಿದೋ ಒಳಗಿಟ್ಟರೆ ಸಾಕು. ಕೊರಮೀನಿನ ಮುಳ್ಳು ತೆಗೆದು ಖಾರ ಹಚ್ಚಿ ಹುರಿದ ತುಂಡು ನೋರಿಯೊಳಗೆ ಏನೂ ಕಡಿಮೆ ರುಚಿಯದಲ್ಲ. ಹಸಿ ಮೀನು ತಿಂದ ಕೆಲವೇ ಗಂಟೆಗಳಲ್ಲಿ ಮೇಲ್ಹೊಟ್ಟೆಯಲ್ಲಿ ತಡೆಯಲಾರದ ನೋವು ಬಂದರೆ ಅದು ಅನಿಸಾಕಿಸ್ ಇರಬಹುದು, ಬಾಯಿಯಿಂದ ಕ್ಯಾಮೆರಾದ ಕೊಳವೆ ಇಳಿಸುವ ಎಂಡೊಸ್ಕೋಪಿಯಲ್ಲಿ ಹುಳುವನ್ನು ಹಿಡಿದು ತೆಗೆದರೆ ನೋವು ನಿಲ್ಲುತ್ತದೆ. ನ್ಯಾಥೋಸ್ಟೋಮಾದ ಬಾವು ವಾರಗಳ ಮೇಲೆ, ಕೆಲವೊಮ್ಮೆ ತಿಂಗಳುಗಳ ಮೇಲೆ ಕಾಣಿಸೀತು. ಅಷ್ಟರೊಳಗೆ ತಿಂದದ್ದು ರೋಗಿಗೇ ಮರೆತಿರುತ್ತದೆ. ಹಸಿ ಮೀನಿನ ರೂಢಿಯಿಲ್ಲದ ನಮ್ಮ ಊರಿನ ವೈದ್ಯರು ತಾವಾಗಿ ಅದನ್ನು ಕೇಳುವ ಸಂಭವ ಕಡಿಮೆ. ಅವರು ಗ್ಯಾಸ್ಟ್ರಿಕ್ ಎಂದೋ ಅಪೆಂಡಿಕ್ಸ್ ಎಂದೋ ಚೀಟಿ ಬರೆಯುವ ಮೊದಲೇ ಎಲ್ಲಿ, ಯಾವಾಗ, ಯಾವ ಮೀನು ತಿಂದದ್ದು ಎಂಬುದನ್ನು ರೋಗಿಯೇ ಬಾಯಿಬಿಟ್ಟು ಹೇಳಬೇಕಾಗುತ್ತದೆ.